22 ಹಿಡಿದರೂ ಲೆಕ್ಕ ಇಳಿಯಲಿಲ್ಲ: ಆಲೂರು–ಸಕಲೇಶಪುರದ ಕಾಡಾನೆಗಳ ಪ್ರಕರಣ

2014ರಲ್ಲಿ ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಭಾಗದಲ್ಲಿ 22 ಕಾಡಾನೆಗಳನ್ನು ಹಿಡಿದು ಸಾಗಿಸಲಾಯಿತು. ಇಷ್ಟು ಸಣ್ಣ ಪ್ರದೇಶದಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಇಷ್ಟೊಂದು ಆನೆ ಹಿಡಿದದ್ದು ಅಪರೂಪ. ಇನ್ನು ಕಾಟ ಮುಗಿಯಿತು ಎಂದೇ ಬೆಳೆಗಾರರು ನಂಬಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಭಾಗದಲ್ಲಿ 60ಕ್ಕೂ ಹೆಚ್ಚು ಆನೆಗಳು ಓಡಾಡುತ್ತಿದ್ದವು. ಜೊತೆಗೆ ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಹೋಬಳಿಗಳಿಗೂ, ಅಲ್ಲಿಂದ ಮುಂದೆ ಚಿಕ್ಕಮಗಳೂರಿನ ಆಲ್ದೂರು ಕಡೆಗೂ ಹಿಂಡುಗಳು ಹಬ್ಬಿದವು.

ಇದನ್ನು ಅರಣ್ಯ ಇಲಾಖೆಯ ಸೋಲು ಎಂದೋ ಆನೆಗಳ ಹಠ ಎಂದೋ ಓದಿದರೆ ಏನೂ ಸಿಗುವುದಿಲ್ಲ. ಆನೆಸಂಖ್ಯೆ ಎಂಬುದು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಯಾವಾಗ ಒಂದೂರಿಂದ ಇನ್ನೊಂದೂರಿಗೆ ಜರುಗುತ್ತದಷ್ಟೆ ಎಂಬುದನ್ನು ಕಾಣಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ರಾಜ್ಯದಲ್ಲಿಲ್ಲ. ಶ್ರೀಲಂಕಾ, ಥಾಯ್ಲೆಂಡ್, ಇಂಡೊನೇಷ್ಯಾದ ಸುಮಾತ್ರಾ ದ್ವೀಪಗಳ ಅಂಕಿಗಳು ಅರ್ಥವಾಗಬೇಕಾದರೂ ಇಂಥದೊಂದು ತಾಲ್ಲೂಕನ್ನು ಒಳಹೊಕ್ಕು ನೋಡಿಯೇ ಹೋಗಬೇಕು.

ಜಾಗ

ಸಕಲೇಶಪುರದ ಪಶ್ಚಿಮಕ್ಕೆ ಬಿಸಿಲೆ, ಕಾಗಿನಹರೆ, ಕಬ್ಬಿನಾಲೆಯ ಘಟ್ಟದ ಕಾಡು. ಪೂರ್ವಕ್ಕೆ ಕಾಫಿ ತೋಟ, ನಡುವಿನ ತಗ್ಗುಗಳಲ್ಲಿ ಭತ್ತದ ಗದ್ದೆ, ಅದರಾಚೆ ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ಹಿನ್ನೀರು. ದಕ್ಷಿಣಕ್ಕೆ ಕೊಡಗಿನ ಸೋಮವಾರಪೇಟೆ, ಅರಕಲಗೂಡು ಗಡಿಯ ಕಟ್ಟೇಪುರ. ಹೊಸ ಆನೆಗಳು ಬರುವುದು ಮುಖ್ಯವಾಗಿ ಈ ದಕ್ಷಿಣದ ಕಡೆಯಿಂದಲೇ.

‘ಅಷ್ಟು ದೊಡ್ಡ ಘಟ್ಟದ ಕಾಡಿದೆಯಲ್ಲ, ಅಲ್ಲೇಕೆ ಇರಬಾರದು?’ ಎಂದು ಕೇಳುವವರಿಗೆ ಉತ್ತರ ಹುಲ್ಲಿನಲ್ಲಿದೆ. ನಿತ್ಯಹರಿದ್ವರ್ಣ ಕಾಡು ನೋಡಲು ದಟ್ಟ, ಆನೆಯ ಹೊಟ್ಟೆಗೆ ಬಡ. ಮೇಲೆ ಎಲೆ ಮುಚ್ಚಿರುವುದರಿಂದ ನೆಲದಲ್ಲಿ ಹುಲ್ಲು ಕಡಿಮೆ, ಇಳಿಜಾರೂ ಕಡಿದು. ಬೆಳೆದ ಆನೆಗೆ ದಿನಕ್ಕೆ 150 ಕಿಲೋ ಆಸುಪಾಸಿನ ಮೇವು ಬೇಕು. ಬಂಡೀಪುರ, ನಾಗರಹೊಳೆಯಂಥ ಎಲೆಯುದುರುವ ಕಾಡುಗಳಲ್ಲಿ ಆನೆ ದಟ್ಟವಾಗಿರುವುದು ಇದಕ್ಕೇ. 2023ರ ರಾಜ್ಯ ಗಣತಿಯಲ್ಲಿ ಬಂಡೀಪುರಕ್ಕೆ 1,116, ನಾಗರಹೊಳೆಗೆ 831 ಎಂದು ಅಂದಾಜಾಯಿತು.

ಇನ್ನು ಕಾಫಿ ತೋಟದ ಕಡೆ ನೋಡಿ. ರೊಬಸ್ಟಾ ಹೂವಿಗೆ ಫೆಬ್ರುವರಿ–ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಯಿಸಲು ಪ್ರತಿ ತೋಟದಲ್ಲೂ ಕೆರೆ ತೋಡಿದ್ದಾರೆ. ಸುಡುಬೇಸಗೆಯಲ್ಲೂ ನೀರು, ಮೇಲೆ ಮರದ ನೆರಳು. ಬೈನೆ, ಬಾಳೆ, ಬಿದಿರು ಇವೆ. ಮೇ ತಿಂಗಳಿಂದ ಮಳೆಗಾಲದವರೆಗೆ ಹಲಸು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾಲುಗಟ್ಟಿದ, ಮಾಗಿದ ಭತ್ತ. ಸಾಗುವಳಿ ಬಿಟ್ಟ ಹಡ್ಲು ಗದ್ದೆಗಳಲ್ಲಿ ಆಳೆತ್ತರದ ಹುಲ್ಲು, ಹಗಲು ಮಲಗಲು ಅಕೇಶಿಯಾ ನೆಡುತೋಪು. ಕಾಫಿ ಗಿಡವನ್ನು ಆನೆ ಸಾಮಾನ್ಯವಾಗಿ ತಿನ್ನುವುದಿಲ್ಲ, ತುಳಿದು ಮುರಿಯುತ್ತದೆ. ಆದ್ದರಿಂದ ನಷ್ಟದ ಲೆಕ್ಕ ತೋಟದಲ್ಲಿ ಗಿಡದ ಎಣಿಕೆಯಾದರೆ ಗದ್ದೆಯಲ್ಲಿ ಗುಂಟೆಯ ಲೆಕ್ಕ. ಸಣ್ಣ ರೈತ ಭತ್ತ ಬೆಳೆಯುವುದನ್ನೇ ಬಿಟ್ಟರೆ ಹಡ್ಲು ಹೆಚ್ಚುತ್ತದೆ, ಹಡ್ಲು ಹೆಚ್ಚಿದರೆ ಆನೆಗೆ ಮತ್ತಷ್ಟು ಅನುಕೂಲ. ಈ ಸುತ್ತು ಮಲೆನಾಡಿನಲ್ಲಿ ಹಲವು ವರ್ಷಗಳಿಂದ ನಡೆದಿದೆ.

2012ರ ಶಿಫಾರಸು, 2014ರ ಹಿಡಿತ

ಹೈಕೋರ್ಟ್ ಆದೇಶದ ಮೇರೆಗೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅಧ್ಯಕ್ಷರು ಆನೆ ತಜ್ಞ ರಾಮನ್ ಸುಕುಮಾರ್. ವರದಿ ರಾಜ್ಯದ ಆನೆ ಪ್ರದೇಶವನ್ನು ಮೂರು ಬಗೆ ಮಾಡಿತು: ಸಂರಕ್ಷಣಾ ವಲಯ, ಸಹಬಾಳ್ವೆ ವಲಯ, ತೆರವು ವಲಯ. ಆಲೂರು–ಸಕಲೇಶಪುರ ಮೂರನೆಯದಕ್ಕೆ ಸೇರಿತು. ದೊಡ್ಡ ಕಾಡಿನ ಕೊಂಡಿ ಕಳಚಿಕೊಂಡು ಜನವಸತಿಯ ನಡುವೆ ಸಿಕ್ಕಿಬಿದ್ದ ಗುಂಪು, ಅಲ್ಲಿ ಜನರೂ ಸಾಯುತ್ತಾರೆ, ಆನೆಗಳಿಗೂ ಭವಿಷ್ಯವಿಲ್ಲ ಎಂಬುದು ಆ ತರ್ಕ. ಇದನ್ನು ಆನೆ ವಿರೋಧಿಗಳು ಬರೆದದ್ದಲ್ಲ ಎಂಬುದನ್ನು ಮರೆಯಬಾರದು. ಆನೆಗಾಗಿಯೇ ಬಾಳು ಸವೆಸಿದವರ ಶಿಫಾರಸು ಅದು.

ತರ್ಕ ಸರಿಯಿತ್ತು, ಒಂದು ಊಹೆ ಹುಸಿಯಾಯಿತು. ತೆರವು ಎಂದಾಗ, ತೆಗೆದ ಜಾಗ ಖಾಲಿಯೇ ಉಳಿಯುತ್ತದೆ ಎಂದು ನಂಬಿದಂತಾಗುತ್ತದೆ. ಉಳಿಯಬೇಕಾದರೆ ದಕ್ಷಿಣದ ದಾರಿ ಮುಚ್ಚಬೇಕು, ಇಲ್ಲವೇ ತೋಟದ ನೀರು–ನೆರಳು–ಮೇವು ಇಲ್ಲವಾಗಬೇಕು. ಎರಡೂ ಆಗಲಿಲ್ಲ. ಇದು ಬಾವಿ ಸೇದಿದ ಹಾಗೆ: ಸೆಲೆ ಇರುವ ತನಕ ಮಟ್ಟ ಮತ್ತೆ ಅಲ್ಲಿಗೇ ಬರುತ್ತದೆ.

ಸಂಖ್ಯೆ ಹೇಗೆ ಅರವತ್ತು ದಾಟಿತು ಎಂಬುದನ್ನು ಕೈಲೆಕ್ಕದಲ್ಲೇ ನೋಡಬಹುದು. ಆನೆಯ ಗರ್ಭ 18ರಿಂದ 22 ತಿಂಗಳು. ಎರಡು ಹೆರಿಗೆಗಳ ನಡುವೆ ಸಾಮಾನ್ಯವಾಗಿ 4–5 ವರ್ಷ. ಎಲ್ಲವೂ ಚೆನ್ನಾಗಿದ್ದರೆ ಆನೆಸಂಖ್ಯೆ ವರ್ಷಕ್ಕೆ ಹೆಚ್ಚೆಂದರೆ ಶೇಕಡ 7ರಷ್ಟು ಬೆಳೆದೀತು. ಆ ವೇಗದಲ್ಲಿ ಹತ್ತು ವರ್ಷಕ್ಕೆ ಸುಮಾರು ಇಮ್ಮಡಿ. ಅಂದರೆ 2024ಕ್ಕೆ 60 ಆಗಬೇಕಾದರೆ ಹಿಡಿತ ಮುಗಿದ ದಿನವೇ 30 ಆನೆ ಉಳಿದಿರಬೇಕಿತ್ತು. ಶೇಕಡ 2ರ ಸಾಧಾರಣ ಬೆಳವಣಿಗೆ ಹಿಡಿದರೆ 49 ಉಳಿದಿರಬೇಕು. ಗುಂಪನ್ನೇ ತೆರವು ಮಾಡಲು ಹೊರಟ ಕಾರ್ಯಾಚರಣೆಯ ನಂತರ ಅಷ್ಟು ಉಳಿದಿರುವುದು ನಂಬುವ ಮಾತಲ್ಲ. ಹೆಚ್ಚಿನವು ಹೊರಗಿಂದ ಬಂದವು. ಬಂದ ಹೆಣ್ಣಾನೆಗಳು ಭತ್ತ, ಬಾಳೆ ತಿಂದು ಮೈಗೂಡಿ ಇಲ್ಲೇ ಮರಿ ಹಾಕುತ್ತಿವೆ. ಈಗ ಬೀಟಮ್ಮ, ಭುವನೇಶ್ವರಿ, ಓಲ್ಡ್ ಬೆಲ್ಟ್ ಎಂದು ಊರವರೇ ಹೆಸರಿಟ್ಟು ಕರೆಯುವ ಹಿಂಡುಗಳಲ್ಲಿ ಮರಿಗಳು ತಾಯ ಕಾಲಡಿ ಓಡಾಡುವುದು ಎದ್ದು ಕಾಣುತ್ತದೆ. ಆ ಮರಿಗಳಿಗೆ ತೋಟವೇ ಹುಟ್ಟೂರು. ‘ಕಾಡಿಗೆ ವಾಪಸ್ ಅಟ್ಟಿ’ ಎಂದರೆ ಅವಕ್ಕೆ ವಾಪಸ್ ಹೋಗಲು ಕಾಡಿನ ನೆನಪೇ ಇಲ್ಲ.

ಎಣಿಕೆ ಎಲ್ಲಿ ತಪ್ಪುತ್ತದೆ

2023ರ ಮೇ 17ರಿಂದ 19ರವರೆಗೆ ದಕ್ಷಿಣದ ರಾಜ್ಯಗಳು ಒಟ್ಟಿಗೆ ನಡೆಸಿದ ಗಣತಿಯಲ್ಲಿ ಕರ್ನಾಟಕಕ್ಕೆ 6,395 ಆನೆಗಳ ಅಂದಾಜು ಬಂತು. 2017ರಲ್ಲಿ ಅದು 6,049 ಇತ್ತು. ವಿಧಾನ ಮೂರು. ಮೊದಲ ದಿನ ಆಯ್ದ ಬ್ಲಾಕ್‌ಗಳಲ್ಲಿ ನಡೆದು ಕಣ್ಣಾರೆ ಕಂಡದ್ದನ್ನು ಎಣಿಸುವುದು, ಎರಡನೆಯ ದಿನ ನೇರ ಗೆರೆಯಲ್ಲಿ ಸಾಗಿ ಲದ್ದಿ ರಾಶಿ ಎಣಿಸುವುದು, ಮೂರನೆಯ ದಿನ ನೀರಿನ ಬಳಿ ಕಾದು ಗಂಡು, ಹೆಣ್ಣು, ಮರಿಗಳ ಪ್ರಮಾಣ ಬರೆದುಕೊಳ್ಳುವುದು.

ಲದ್ದಿ ಲೆಕ್ಕದ ಸೂತ್ರ ಸರಳ. ಒಂದು ಚದರ ಕಿ.ಮೀ.ನಲ್ಲಿರುವ ರಾಶಿಗಳನ್ನು ಲದ್ದಿ ಕೊಳೆಯುವ ದಿನದ ದರದಿಂದ ಗುಣಿಸಿ, ಆನೆ ದಿನಕ್ಕೆ ಹಾಕುವ ರಾಶಿಗಳಿಂದ ಭಾಗಿಸುವುದು. ದಕ್ಷಿಣ ಭಾರತದಲ್ಲಿ ಬಳಸುತ್ತ ಬಂದ ಅಂಕಿಗಳು ದಿನಕ್ಕೆ 16.33 ರಾಶಿ, ಕೊಳೆಯುವ ದರ 0.0097. ಚ.ಕಿ.ಮೀ.ಗೆ 1,650 ರಾಶಿ ಸಿಕ್ಕರೆ 1,650 × 0.0097 ÷ 16.33, ಅಂದರೆ 0.98 ಆನೆ. ತೊಂದರೆ ಇರುವುದು ನಡುವಿನ ಅಂಕಿಯಲ್ಲಿ. 0.0097 ಎಂದರೆ ಲದ್ದಿ ನೂರು ದಿನದ ಆಸುಪಾಸು ಗುರುತು ಸಿಗುವಂತೆ ಉಳಿಯುತ್ತದೆ ಎಂದರ್ಥ. ಒಣಕಾಡಿಗೆ ಇದು ಒಪ್ಪುತ್ತದೆ. ಮುಂಗಾರುಪೂರ್ವ ಮಳೆ ಚಚ್ಚಿದ ಮಲೆನಾಡಿನಲ್ಲಿ ಲದ್ದಿ ಅದರ ಅರ್ಧ ಕಾಲಕ್ಕೇ ಕರಗಿದರೆ ದರ 0.0194 ಆಗುತ್ತದೆ. ಆಗ ಅದೇ 1,650 ರಾಶಿಗೆ ಉತ್ತರ 1.96. ಕೊಳೆಯುವ ದರ ಆ ಸ್ಥಳದ್ದಲ್ಲದಿದ್ದರೆ ಆನೆಗಳ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ. ಜೊತೆಗೆ ತೋಟದ ಒಳಗೆ ನೇರ ಗೆರೆಯಲ್ಲಿ ನಡೆಯಲು ಬೇಲಿ, ಗೇಟು, ಕಾಫಿ ಸಾಲು ಬಿಡುವುದಿಲ್ಲ.

ಆದ್ದರಿಂದ ಹಾಸನದಂಥ ಸಣ್ಣ ಗುಂಪಿಗೆ ಒಂದೊಂದು ಆನೆಯನ್ನೂ ಗುರುತಿಸುವುದೇ ನಂಬಿಕೆಯ ದಾರಿ. ಕಿವಿಯ ಮೇಲಂಚು ಒಳಮಡಿಕೆಯೋ ಹೊರಮಡಿಕೆಯೋ, ಕೆಳಅಂಚಿನಲ್ಲಿ ಹರಿದ ಗುರುತು ಎಲ್ಲಿ, ದಂತ ಸಮಾನಾಂತರವೋ ಒಂದನ್ನೊಂದು ದಾಟಿದೆಯೋ, ಬಾಲದ ಕೂದಲು ಎರಡು ಕಡೆಯೂ ಇದೆಯೋ ಒಂದೇ ಕಡೆಯೋ, ಬೆನ್ನಿನ ಗೆರೆ ಹೇಗಿದೆ ಎಂದು ನೋಡಿ ಎರಡೂ ಪಕ್ಕದ ಫೋಟೊ ಸೇರಿಸಿ ಕಡತ ಮಾಡಬೇಕು. ಮರಿಗಳನ್ನು ತಾಯಿಯ ಹೆಸರಲ್ಲೇ ಬರೆಯಬೇಕು, ಅವುಗಳ ಕಿವಿ ವರ್ಷವರ್ಷಕ್ಕೂ ಬದಲಾಗುತ್ತದೆ. ಹಿಂಡು ಎರಡಾಗಿ ಒಡೆದ ವಾರ ಎರಡು ತಂಡ ಬೇರೆಬೇರೆ ಎಣಿಸಿದರೆ ಒಂದೇ ಗುಂಪು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಪತ್ರಿಕೆಗಳಲ್ಲಿ ಒಂದು ವಾರ ಒಂದು ಸಂಖ್ಯೆ, ಇನ್ನೊಂದು ವಾರ ಮತ್ತೊಂದು ಬರುವುದಕ್ಕೆ ಬಹುಮಟ್ಟಿಗೆ ಕಾರಣ ಇದು.

ದೇಶಮಟ್ಟದಲ್ಲಿ ಈಚೆಗೆ ಲದ್ದಿಯಿಂದ ಡಿಎನ್‌ಎ ತೆಗೆದು ಪ್ರತ್ಯೇಕ ಆನೆಗಳನ್ನು ಗುರುತಿಸುವ ವಿಧಾನ ಬಂದಿದೆ. 2025ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 22,446 ಆನೆಗಳು (18,255ರಿಂದ 26,645ರ ನಡುವೆ), ಕರ್ನಾಟಕದಲ್ಲಿ 6,013. 2017ರ ಮೊದಲ ಅಂದಾಜು 27,312 ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ‘ಐದು ಸಾವಿರ ಆನೆ ಸತ್ತವು’ ಎಂದು ಬರೆದವರು ಅಳತೆಗೋಲು ಬದಲಾದದ್ದನ್ನು ನೋಡಲೇ ಇಲ್ಲ. ವಿಧಾನ ಬೇರೆಯಾದಾಗ ಕಳೆಯುವ ಲೆಕ್ಕ ಮಾಡುವ ಹಾಗಿಲ್ಲ. ಹೊಸ ಅಂಕಿ ಮುಂದಿನ ಎಣಿಕೆಗಳಿಗೆ ಬುನಾದಿ, ಅಷ್ಟೇ.

ಹೊರದೇಶದ ಅಂಕಿಗಳ ಒಳಗಿರುವ ಆಲೂರುಗಳು

ಏಷ್ಯಾದ 13 ದೇಶಗಳಲ್ಲಿ ಒಟ್ಟು 50 ಸಾವಿರದ ಆಸುಪಾಸು ಕಾಡಾನೆ ಎಂಬುದು ರೂಢಿಯ ಅಂಕಿ. ಅರ್ಧದಷ್ಟು ಭಾರತದಲ್ಲೇ. ಒಟ್ಟಿನ ಮಾತು ಬಿಟ್ಟು ಒಂದೊಂದಾಗಿ ನೋಡಿದರೆ ದಿಕ್ಕುಗಳು ಬೇರೆಬೇರೆ.

ನಮಗೆ ಹೆಚ್ಚು ಪಾಠ ಇರುವುದು ಸುಮಾತ್ರಾದಲ್ಲಿ. 1982ರಲ್ಲಿ ಅಲ್ಲಿನ ಸರ್ಕಾರ ವಲಸೆಗಾರರ ಹೊಸ ಊರುಗಳಿಗೆ ಜಾಗ ಬಿಡಿಸಲು 232 ಆನೆಗಳ ಹಿಂಡನ್ನು ಏರ್ ಸುಗಿಹಾನ್‌ನಿಂದ ಬೇರೆ ಕಾಡಿಗೆ ಅಟ್ಟಿಸಿತು. ಕಾರ್ಯಾಚರಣೆಗೆ ಗಣೇಶನ ಹೆಸರನ್ನೇ ಇಟ್ಟಿದ್ದರು. ಆಮೇಲೆ ಹಿಡಿದು ಪಳಗಿಸುವ ಕೇಂದ್ರಗಳು ಬಂದವು. ಲಾಂಪುಂಗ್ ಪ್ರಾಂತ್ಯದಲ್ಲಿ 1980ರ ದಶಕದಲ್ಲಿ 12 ಆನೆಗುಂಪುಗಳಿದ್ದವು, 2002ರ ಹೊತ್ತಿಗೆ ಮೂರು ಉಳಿದಿದ್ದವು. ಇಲ್ಲಿ ತೆಗೆದ ಜಾಗ ತುಂಬಲಿಲ್ಲ, ಏಕೆಂದರೆ ತುಂಬಲು ಪಕ್ಕದಲ್ಲಿ ಕಾಡೇ ಇರಲಿಲ್ಲ. ಸುಮಾತ್ರಾದ ಆನೆ 2011ರಿಂದ ಅಳಿವಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಒಂದೇ ಉಪಾಯಕ್ಕೆ ಆಲೂರಿನಲ್ಲಿ ಒಂದು ಫಲ, ಲಾಂಪುಂಗ್‌ನಲ್ಲಿ ಇನ್ನೊಂದು. ಬೆನ್ನ ಹಿಂದೆ ದೊಡ್ಡ ಗುಂಪು ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಶ್ರೀಲಂಕಾದ ಅಂಕಿ ಏರಿದೆ: 2011ರಲ್ಲಿ 5,879, 2024ರ ಎಣಿಕೆಯಲ್ಲಿ 7,451. ಅದೇ ದೇಶದಲ್ಲಿ 2022, 2023ರಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಆನೆಗಳು ಸತ್ತಿವೆ. ಅಲ್ಲಿ ಜಿಪಿಎಸ್ ಕಾಲರ್ ಹಾಕಿ ಸ್ಥಳಾಂತರಿಸಿದ 12 ಸಲಗಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎಲ್ಲವನ್ನೂ ರಾಷ್ಟ್ರೀಯ ಉದ್ಯಾನಗಳಲ್ಲಿ ಬಿಡಲಾಗಿತ್ತು. ಎರಡು ಸಲಗಗಳು ಬಿಟ್ಟ ಉದ್ಯಾನದೊಳಗೇ ಕೊಲೆಯಾದವು, ಮಿಕ್ಕ ಹತ್ತೂ ಉದ್ಯಾನ ತೊರೆದು ಹೊರಬಂದವು. ಕೆಲವು ಹಿಡಿದ ಊರಿಗೇ ಮರಳಿದವು, ಕೆಲವು ಅಲೆಯುತ್ತಲೇ ಇದ್ದವು, ಕೆಲವು ಹೊಸ ಊರಲ್ಲಿ ನೆಲೆನಿಂತವು. ಸಂಘರ್ಷ ಇನ್ನಷ್ಟು ಊರುಗಳಿಗೆ ಹರಡಿತು ಎಂಬುದು ಅದರ ತೀರ್ಮಾನ.

ಥಾಯ್ಲೆಂಡ್‌ನಲ್ಲಿ 2023ರ ಸರ್ಕಾರಿ ಅಂದಾಜು 4,013ರಿಂದ 4,422. ಹೆಚ್ಚಳದ ಬಿಸಿ ಪೂರ್ವದ ಐದು ಪ್ರಾಂತ್ಯಗಳ ಕಾಡಿಗೇ ಹೆಚ್ಚು ತಟ್ಟಿದೆ. ಸುತ್ತ ಹಣ್ಣಿನ ತೋಟ, ಮರಗೆಣಸು, ಕಬ್ಬು. ಚೀನಾದ ಯುನ್ನಾನ್‌ನಲ್ಲಿ ರಕ್ಷಣೆಯ ಫಲವಾಗಿ ಸಂಖ್ಯೆ 300ರ ಆಸುಪಾಸಿಗೆ ಏರಿತು, 2021ರಲ್ಲಿ 15 ಆನೆಗಳ ಹಿಂಡೊಂದು ಉತ್ತರಕ್ಕೆ ಕುನ್‌ಮಿಂಗ್ ನಗರದ ಅಂಚಿನವರೆಗೆ ನಡೆದುಹೋಯಿತು. ವಿಯೆಟ್ನಾಂ ಇದಕ್ಕೆ ತದ್ವಿರುದ್ಧ: 1990ರ ಸುಮಾರಿಗೆ ಸಾವಿರದ ಮೇಲಿದ್ದದ್ದು ಈಗ ಇನ್ನೂರರ ಒಳಗೆ. ಏರಿದ ಕಡೆಯೂ ಇಳಿದ ಕಡೆಯೂ ಆನೆ ಕಾಡಿನಿಂದ ಹೊರಗೇ ಇದೆ. ಹಾಗಾಗಿ ‘ಸಂಖ್ಯೆ ಹೆಚ್ಚಾಗಿದ್ದಕ್ಕೇ ಊರಿಗೆ ಬಂದವು’ ಎಂಬ ಮಾತು ಅರ್ಧ ಸತ್ಯ.

ಹಿಡಿಯುವುದರ ಬೆಲೆ

2014ರ ನಂತರ ಸಾಮೂಹಿಕ ಹಿಡಿತ ನಿಂತು ಒಂಟಿ ಸಲಗಗಳನ್ನು ಆಯ್ದು ಹಿಡಿಯುವ, ಹೆಣ್ಣಾನೆಗೆ ರೇಡಿಯೊ ಕಾಲರ್ ಹಾಕುವ ಕ್ರಮ ಬಂತು. ಆನೆ ಹಿಡಿಯಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಡಿ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಬೇಕು. ದುಬಾರೆ, ಮತ್ತಿಗೋಡು ಶಿಬಿರಗಳಿಂದ ಸಾಕಾನೆಗಳು ಬರುತ್ತವೆ. ಸಾಮಾನ್ಯವಾಗಿ ಬಳಸುವ ಅರಿವಳಿಕೆ ಕ್ಸೈಲಜೀನ್–ಕೆಟಮಿನ್ ಮಿಶ್ರಣ. ಡಾರ್ಟ್ (ಬಂದೂಕಿನಿಂದ ಹಾರಿಸುವ ಅರಿವಳಿಕೆ ಸೂಜಿ) ತಾಗಿದ ಮೇಲೆ ಆನೆ ನಿಂತಲ್ಲೇ ಬೀಳುವುದಿಲ್ಲ, ಹತ್ತು ಹದಿನೈದು ನಿಮಿಷ ಓಡುತ್ತದೆ. ಆ ಹೊತ್ತಿನಲ್ಲಿ ಏನೂ ಆಗಬಹುದು. ತೋಟದ ಕೆರೆಗೆ ಇಳಿದರೆ ಮುಳುಗುತ್ತದೆ. ಎದೆಯ ಮೇಲೆ ಕುಸಿದರೆ ಶ್ವಾಸ ಕಟ್ಟುತ್ತದೆ, ಕೂಡಲೇ ಮಗ್ಗುಲಿಗೆ ಎಳೆಯಬೇಕು. ಇಳಿಜಾರಿನಲ್ಲಿ ಬಿದ್ದರೆ ಎತ್ತಲು ಕ್ರೇನ್ ಹೋಗದು. ಮದವೇರಿದ ಸಲಗಕ್ಕೆ ಔಷಧಿ ಎಂದಿನಂತೆ ಹತ್ತುವುದಿಲ್ಲ, ಸಾಕಾನೆಗಳ ಮೇಲೇ ತಿರುಗಿಬೀಳುತ್ತದೆ.

ಈ ಕೆಲಸ ಎಷ್ಟು ಅಪಾಯದ್ದು ಎಂಬುದನ್ನು 2023 ಒಂದೇ ವರ್ಷದಲ್ಲಿ ಎರಡು ಸಲ ತೋರಿಸಿತು. ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಭೀಮ ಎಂಬ ಸಲಗಕ್ಕೆ ಚಿಕಿತ್ಸೆ ಕೊಡಲು ಡಾರ್ಟ್ ಹೊಡೆದ ಅನುಭವಿ ಸಿಬ್ಬಂದಿಯೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡುಸಲಗ ಹಿಡಿಯುವಾಗ, ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ ಕಾದಾಡಿ ಸತ್ತ. ಅರವತ್ತು ದಾಟಿದ ಆನೆಯನ್ನು ಮದದ ಸಲಗದ ಎದುರು ನಿಲ್ಲಿಸಬೇಕಿತ್ತೇ ಎಂಬ ಪ್ರಶ್ನೆ ಊರೂರಲ್ಲಿ ಎದ್ದಿತು. ನಮ್ಮ ಎಣಿಕೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ.

ತಡೆಗಳು, ಎಚ್ಚರಿಕೆಗಳು

ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಸುರಿಯುವ ಊರಲ್ಲಿ ಮೂರು ಮೀಟರ್ ಆಳದ ಆನೆ ಕಂದಕ ಎರಡು ಮಳೆಗಾಲಕ್ಕೆ ಅಂಚು ಕುಸಿದು ಹೂಳು ತುಂಬುತ್ತದೆ. ಹಳ್ಳ ದಾಟುವ ಕಡೆ ಕಂದಕ ತೋಡಲಿಕ್ಕೇ ಆಗದು, ಆನೆ ಅಲ್ಲಿಂದಲೇ ನುಗ್ಗುತ್ತದೆ. ಸೋಲಾರ್ ಬೇಲಿ ಒಳ್ಳೆಯದು, ದಿನಾ ಕಾಯುವವರಿದ್ದರೆ. ತಂತಿಗೆ ಬಳ್ಳಿ ತಾಗಿದರೆ ಕರೆಂಟ್ ನೆಲಕ್ಕೆ ಸೋರಿ 6–7 ಕಿಲೋವೋಲ್ಟ್ ಇರಬೇಕಾದದ್ದು ಎರಡಕ್ಕಿಳಿಯುತ್ತದೆ. ದಂತಕ್ಕೆ ಶಾಕ್ ತಟ್ಟುವುದಿಲ್ಲ ಎಂಬುದನ್ನು ಸಲಗಗಳು ಬೇಗ ಕಲಿಯುತ್ತವೆ, ಕಂಬ ಉರುಳಿಸುತ್ತವೆ. ಹಳೆಯ ರೈಲು ಕಂಬಿಯ ತಡೆ ಗಟ್ಟಿ, ಆದರೆ ಕಿ.ಮೀ.ಗೆ ಕೋಟಿ ಮೀರಿದ ಖರ್ಚು. 2018ರಲ್ಲಿ ನಾಗರಹೊಳೆಯ ಅಂಚಿನಲ್ಲಿ ಅದನ್ನು ಹತ್ತಿ ದಾಟಲು ಹೋದ ಸಲಗವೊಂದು ಸಿಕ್ಕಿಕೊಂಡು ಸತ್ತಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಾಡಿನ ಅಂಚಿಗೆ ತಡೆ ಕಟ್ಟುವುದು ಆನೆ ಕಾಡೊಳಗಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಇಲ್ಲಿ ಆನೆ ಈಚೆಗೇ ಇದೆ.

ಪಟಾಕಿ ಹೊಡೆದು ಅಟ್ಟುವುದು ಇನ್ನೂ ಕೆಟ್ಟದ್ದು. ಹಿಂಡು ಒಡೆಯುತ್ತದೆ, ಮರಿ ಹಿಂದುಳಿದರೆ ತಾಯಿ ಆ ತೋಟ ಬಿಟ್ಟು ಕದಲುವುದಿಲ್ಲ, ಮರುದಿನ ಬೆಳಗ್ಗೆ ಕೆಲಸಕ್ಕೆ ಬಂದವರ ಎದುರಿಗೇ ನಿಂತಿರುತ್ತದೆ. ಪಕ್ಕದ ತೋಟದವರು ಇತ್ತ ಅಟ್ಟುತ್ತಾರೆ, ಇವರು ಅತ್ತ.

ಜೀವ ಉಳಿಸಿರುವುದು ಮುನ್ನೆಚ್ಚರಿಕೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳಿಗಾಗಿ ರೂಪಿಸಿದ್ದ ಕ್ರಮವನ್ನು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮತ್ತು ಅರಣ್ಯ ಇಲಾಖೆ ಹಾಸನಕ್ಕೆ ತಂದವು: ಮೊಬೈಲ್‌ಗೆ ಸಂದೇಶ, ದಾರಿಯ ತಿರುವುಗಳಲ್ಲಿ ಕೆಂಪು ದೀಪ, ಫಲಕ. 2022ರಿಂದ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಹಿಂಡುಗಳ ಬೆನ್ನ ಹಿಂದೆ ಇರುತ್ತಾರೆ (2012ರ ಕಾರ್ಯಪಡೆಗೂ ಇದಕ್ಕೂ ಹೆಸರಷ್ಟೇ ಒಂದು). ಸಂದೇಶ ಕೆಲಸಕ್ಕೆ ಬರಬೇಕಾದರೆ ಅದರಲ್ಲಿ ಹಿಂಡೋ ಒಂಟಿಯೋ, ಯಾವ ತೋಟದ ಯಾವ ಬ್ಲಾಕ್, ಎಷ್ಟು ಗಂಟೆಗೆ ಕಂಡದ್ದು ಎಂಬ ಮೂರೂ ಇರಬೇಕು. ಸಂಜೆ ಆರಕ್ಕೆ ಕಂಡ ಹಿಂಡು ಬೆಳಗ್ಗೆ ಅಲ್ಲೇ ಸುತ್ತಮುತ್ತ ಸಿಕ್ಕೀತು, ಒಂಟಿ ಸಲಗ ರಾತ್ರಿಯೊಳಗೆ ಹತ್ತು ಕಿ.ಮೀ. ದಾಟಿರುತ್ತದೆ. ಹಾಗಾಗಿ ಸಲಗದ ಸಂದೇಶಕ್ಕೆ ಆಯುಷ್ಯ ಕಡಿಮೆ.

ವ್ಯವಸ್ಥೆ ಎಡವುವುದು ಕೊನೆಯ ಅರ್ಧ ಕಿ.ಮೀ.ನಲ್ಲಿ. ಸಂದೇಶ ಮಾಲೀಕರ ಫೋನಿಗೆ ಬರುತ್ತದೆ, ಅವರು ಬೆಂಗಳೂರಲ್ಲಿರುತ್ತಾರೆ. ತೋಟದ ಲೆಕ್ಕ ನೋಡುವ ರೈಟರ್‌ಗೆ ಬಂದರೂ ತಗ್ಗಿನ ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಲೈನ್ ಮನೆಯಲ್ಲಿ (ಕೂಲಿಗಳ ಸಾಲುಮನೆ) ಇರುವ ಅಸ್ಸಾಮಿನ ಕೂಲಿಗಳು ಕನ್ನಡ ಓದಲಾರರು. ತೋಟದ ಮಟ್ಟದಲ್ಲಿ ಮಾಡಬಹುದಾದದ್ದು ಸ್ಪಷ್ಟ: ರೈಟರ್, ಮೇಸ್ತ್ರಿ, ಲೈನಿನ ಒಬ್ಬರು, ಹೀಗೆ ಮೂರು ನಂಬರ್ ನೋಂದಾಯಿಸುವುದು, ಬರಹದ ಜೊತೆ ಧ್ವನಿ ಸಂದೇಶ, ಕೂಲಿಗಳ ಭಾಷೆಯಲ್ಲೇ, ಆನೆ ಹತ್ತಿರವಿರುವ ದಿನ ಹಾಜರಿಯನ್ನು ಮಂಜು ಕರಗುವವರೆಗೆ ಮುಂದೂಡುವುದು, ಒಬ್ಬೊಬ್ಬರೇ ನಡೆದು ಬರುವುದರ ಬದಲು ಪಿಕಪ್‌ನಲ್ಲಿ ಕರೆತರುವುದು. ಸಾವುಗಳು ಹೆಚ್ಚಾಗಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಕಾಲುದಾರಿಯಲ್ಲಿ ಆಗುವುದರಿಂದ ಈ ಒಂದೆರಡು ಗಂಟೆಯೇ ನಿರ್ಣಾಯಕ. ಭತ್ತ, ಉಪ್ಪು, ರೇಷನ್ ಅಕ್ಕಿಯನ್ನು ಹೆಂಚಿನ ಲೈನ್ ಮನೆಯಲ್ಲಿ ಇಡದೆ ಗಟ್ಟಿ ಗೋದಾಮಿನಲ್ಲಿ ಇಟ್ಟರೆ ಗೋಡೆ ಒಡೆಯುವುದು ತಪ್ಪುತ್ತದೆ.

ಮುಂದಿನ ಪ್ರಯೋಗ

ಭದ್ರಾ ಅಭಯಾರಣ್ಯದಲ್ಲಿ ಸುಮಾರು 2,000 ಹೆಕ್ಟೇರ್‌ಗೆ ಬೇಲಿ ಹಾಕಿ, ಹಿಡಿದ ಆನೆಗಳನ್ನು ಅಲ್ಲಿ ಮೊದಲು ಒಗ್ಗಿಸಿ ಬಿಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ. 2,000 ಹೆಕ್ಟೇರ್ ಎಂದರೆ 20 ಚ.ಕಿ.ಮೀ. ಆನೆಹಿಂಡು ಸಹಜವಾಗಿ ಓಡಾಡುವ ಪ್ರದೇಶ ನೂರಾರು ಚ.ಕಿ.ಮೀ. ಆದ್ದರಿಂದ ಇದು ನೆಲೆಯಾಗಲಾರದು, ತಂಗುದಾಣವಾದೀತು. ಹಿಂಡನ್ನು ಒಡೆಯದೆ ಇಡಿಯಾಗಿ ತರಬೇಕು, ಒಳಗೆ ಬೇಸಗೆಯ ನೀರೂ ಹುಲ್ಲೂ ಇರಬೇಕು, ಬಿಡುವ ಮುನ್ನ ಪ್ರತಿ ಹಿಂಡಿನ ಹಿರಿಯ ಹೆಣ್ಣಿಗೂ ಪ್ರತಿ ಸಲಗಕ್ಕೂ ಕಾಲರ್ ಇರಬೇಕು. ಭದ್ರಾದ ಅಂಚಿನಿಂದ ಆಲ್ದೂರು ಕಡೆಯ ತೋಟಗಳು ದೂರವಿಲ್ಲ. ಬಿಟ್ಟ ಆನೆ ಹೊರಬಂದರೆ ಮೊದಲು ಮುಟ್ಟುವ ಗ್ರಾಮಗಳ ಪಟ್ಟಿ ಈಗಲೇ ತಯಾರಾಗಿ, ಆ ಊರುಗಳ ನಂಬರ್‌ಗಳು ಎಚ್ಚರಿಕೆ ವ್ಯವಸ್ಥೆಯೊಳಗೆ ಸೇರಿರಬೇಕು. ಇತ್ತ ಆಲೂರಿನಲ್ಲಿ ತೆರವಾದ ಜಾಗಕ್ಕೆ ಕಟ್ಟೇಪುರದ ಕಡೆಯಿಂದ ಹೊಸ ಹಿಂಡು ಎಷ್ಟು ತಿಂಗಳಿಗೆ ಬಂತು ಎಂಬುದನ್ನು ಕಿವಿ, ದಂತ, ಬಾಲದ ಕಡತ ಹಿಡಿದು ಬರೆದಿಡುವ ಕೆಲಸ 2014ರಲ್ಲಿ ಆಗಿರಲಿಲ್ಲ. ಈ ಸಲ ಅದು ಮೊದಲ ಆನೆ ಲಾರಿ ಹತ್ತುವ ಮುನ್ನವೇ ಶುರುವಾಗಬೇಕು.